ಕಂಪ್ಯೂಟರ್ ಕೇಸ್ ಮತ್ತು ವಾಟರ್ ಕೂಲಿಂಗ್ ಭಾಗಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾ?

ಮಾಡಬಹುದು. ಕೇಸ್ ಸುಲಭ, ನೀರಿನ ಕೆಲಸಕ್ಕೆ ತಾಳ್ಮೆ ಬೇಕು.

ಕೇಸ್‌ಗೆ ಪ್ಲೈವುಡ್, ಅಕ್ರಿಲಿಕ್, ಅಲ್ಯೂಮಿನಿಯಂ ಯಾವುದಾದರೂ ಆಗುತ್ತದೆ. ಎಟಿಎಕ್ಸ್ (ಮದರ್‌ಬೋರ್ಡ್‌ನ ಒಂದು ಸಾಮಾನ್ಯ ಗಾತ್ರ) ಬೋರ್ಡ್‌ನ ಅಳತೆ 305 x 244 ಮಿ.ಮೀ. ಹಳೇ ಕೇಸ್ ಇದ್ದರೆ ಅದರ ಮದರ್‌ಬೋರ್ಡ್ ಟ್ರೇಯನ್ನೇ ಕತ್ತರಿಸಿ ತೆಗೆದುಕೊಳ್ಳಿ. ಅಷ್ಟೂ ತೂತುಗಳನ್ನು ಅಳೆದು ಕೊರೆಯುವ ತಲೆನೋವು ಸುಮ್ನೆ ಯಾಕೆ?

ಪ್ರೊಸೆಸರ್‌ನ ಬಿಸಿಯನ್ನು ನೀರಿಗೆ ದಾಟಿಸುವ ವಾಟರ್ ಬ್ಲಾಕ್‌ಗೆ ತಾಮ್ರದ ದಪ್ಪ ತುಂಡು ಬೇಕು. ಒಳಗೆ ಸಣ್ಣ ಸಣ್ಣ ಕಾಲುವೆ ಕೊರೆದಷ್ಟೂ ನೀರಿಗೆ ತಾಗುವ ಜಾಗ ಜಾಸ್ತಿ. ಪ್ರೊಸೆಸರ್ ಮೇಲೆ ಕೂರುವ ಮುಖವನ್ನು, ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ಸಮವಾಗಿ ಉಜ್ಜಿ. ಮೇಲೆ ಅಕ್ರಿಲಿಕ್ ಮುಚ್ಚಳ, ನಡುವೆ ರಬ್ಬರ್ ಓ-ರಿಂಗ್. ಅಕ್ರಿಲಿಕ್ಕನ್ನು ಆಲ್ಕೋಹಾಲ್‌ನಿಂದ ಒರೆಸಬೇಡಿ, ಸಣ್ಣ ಬಿರುಕು ಬೀಳುತ್ತದೆ.

ಹೆಚ್ಚಿನವರು ಎಡವುವುದು ಲೋಹದಲ್ಲಿ. ತಾಮ್ರದ ಬ್ಲಾಕ್‌ಗೆ ಅಲ್ಯೂಮಿನಿಯಂ ರೇಡಿಯೇಟರ್ (ಬಿಸಿಯಾದ ನೀರನ್ನು ತಣಿಸುವ ಭಾಗ) ಜೋಡಿಸಿದರೆ ಒಂದೇ ನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಂತೆ ವರ್ತಿಸುತ್ತವೆ, ಅಲ್ಯೂಮಿನಿಯಂ ಸವೆದುಹೋಗುತ್ತದೆ. ಕಾರಿನ ಹಳೇ ಹೀಟರ್ ರೇಡಿಯೇಟರ್ ಬಳಸುವುದಾದರೆ ಅದು ತಾಮ್ರ-ಹಿತ್ತಾಳೆಯದ್ದೇ ಅಂತ ಖಚಿತ ಮಾಡಿಕೊಳ್ಳಿ.

ಪಂಪ್ ಯಾವಾಗಲೂ ನೀರಿನ ತೊಟ್ಟಿಗಿಂತ ಕೆಳಗಿರಲಿ, ಒಣಗಿ ಓಡಿದರೆ ಸುಟ್ಟುಹೋಗಬಹುದು. ನಲ್ಲಿ ನೀರು ಬೇಡ. ಡಿಸ್ಟಿಲ್ಡ್ ವಾಟರ್‌ಗೆ ಪಾಚಿ ಮತ್ತು ತುಕ್ಕು ತಡೆಯುವ ದ್ರವ ಬೆರೆಸಿ.

ಎಲ್ಲಾ ಜೋಡಿಸಿದ ಮೇಲೆ, ಸೋರುತ್ತದಾ ಅಂತ ನೋಡಲು, ಬೋರ್ಡ್‌ಗೆ ಕರೆಂಟ್ ಕೊಡದೆ, ಬರೀ ಪಂಪ್ ಓಡಿಸಿ 24 ಗಂಟೆ ಬಿಡಿ. ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಪೇಪರ್ ಇಡಿ. ಒಂದು ಹನಿ ಬಿದ್ದರೂ ಕಾಣುತ್ತದೆ, ಅಲ್ವಾ?