ಮದುವೆ ಕಾಗದ ಪೂರ್ತಿ ಕೈಬರಹದ ಫಾಂಟ್‌ನಲ್ಲಿ ಮಾಡಿಸಬಹುದೇ?

ಕಾರವಾರದಲ್ಲಿ ಮಗಳ ಮದುವೆ, ಕೈಯಲ್ಲಿ ಬರೆದಂತಿರುವ ಆ ಎಳೆಎಳೆ ಫಾಂಟ್‌ನಲ್ಲೇ ಕಾಗದ ಪೂರ್ತಿ ಮಾಡಿಸಬಹುದಾ ಎಂದು ಕೇಳಿದ್ದೀರಿ. ಶಿರಸಿಯಲ್ಲಿ ಹನ್ನೆರಡು ವರ್ಷದಿಂದ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ) ಮಾಡುತ್ತಿದ್ದೇನೆ, ಅರ್ಧ ದುಡಿಮೆ ಮದುವೆ-ಮುಂಜಿ ಕಾಗದದ್ದೇ. ಹುಡುಗ-ಹುಡುಗಿಯ ಹೆಸರಿಗೆ ಹಾಕಿಸಿ. ಉಳಿದದ್ದಕ್ಕೆ ಬೇಡ.

ಇಂಗ್ಲಿಷಿನ ಗ್ರೇಟ್ ವೈಬ್ಸ್‌ನಂಥ ಫಾಂಟ್ ನೋಡಿ ಆಸೆಪಟ್ಟು ಬರುವವರೇ ಹೆಚ್ಚು. ಅದು ನಿಬ್ಬಿನ ಬರವಣಿಗೆಯ ಸೊಗಸು: ಒತ್ತಿದಲ್ಲಿ ದಪ್ಪ, ತೇಲಿಸಿದಲ್ಲಿ ಕೂದಲೆಳೆ, ಒಂದಕ್ಷರದ ಬಾಲ ಇನ್ನೊಂದಕ್ಕೆ ಕೊಕ್ಕೆ. ನಮ್ಮ ಅಕ್ಷರಗಳು ಹಾಗೆ ಕೈ ಹಿಡಿದುಕೊಳ್ಳುವುದಿಲ್ಲ. ಒಂದೊಂದೂ ತನ್ನ ತಲೆಕಟ್ಟು, ತನ್ನ ಒತ್ತಕ್ಷರ ಹೊತ್ತು ಬೇರೆಯೇ ನಿಲ್ಲುತ್ತದೆ. ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯ ಲೇಖನಿಯಲ್ಲಿ ಕೊರೆದದ್ದನ್ನು ನೋಡಿದ್ದರೆ ಗೊತ್ತಿರುತ್ತದೆ, ಗೀಟು ಹೆಚ್ಚುಕಡಿಮೆ ಒಂದೇ ದಪ್ಪ, ಚಂದವೆಲ್ಲ ಗುಂಡಗಿನ ತಿರುವಿನಲ್ಲಿ. ನವಿಲು ಎಂಬ ಕೈಬರಹದ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ, ಒಮ್ಮೆ ಹಾಕಿ ನೋಡಿ.

ತೊಂದರೆ ಬರುವುದು ಸಣ್ಣ ಅಳತೆಯಲ್ಲಿ. ಶುರುವಿನ ವರ್ಷ ನಾನೇ ಒಬ್ಬರ ಕಾಗದವನ್ನು ಇಡೀ ಇಂಥ ಫಾಂಟ್‌ನಲ್ಲಿ, 11 ಪಾಯಿಂಟ್‌ಗೆ ಕೂರಿಸಿ, ಚಿನ್ನದ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟ್‌ಗೆ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ಏನು ಚಂದ! ಪ್ರಿಂಟಾಗಿ ಬಂದಾಗ ಭಟ್ಟರೆಲ್ಲ ಬಟ್ಟರಾಗಿದ್ದರು, ವಧು ‘ವದು’ ಆಗಿದ್ದಳು. ಮಹಾಪ್ರಾಣದ ಬುಡದ ಆ ಪುಟ್ಟ ಗೀಟು ಹಿಡಿದೇ ಇರಲಿಲ್ಲ. ಆ ಮನೆಯ ಅಜ್ಜ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, “ಎಂತದಾ ತಮಾ ಇದು, ಇರುವೆ ಹರದಂಗೆ ಇದ್ದಲಾ” ಅಂದರು. ಮುನ್ನೂರು ಕಾಗದ ನನ್ನ ಖರ್ಚಿನಲ್ಲೇ ಮತ್ತೆ ಹೊಡೆಸಿದೆ.

ಹಾಗಾಗಿ ಹೆಸರನ್ನು 30 ಪಾಯಿಂಟ್‌ಗಿಂತ ಕಡಿಮೆ ಇಡಬೇಡಿ. ಸಾಲಿನ ನಡುವೆ ಧಾರಾಳ ಜಾಗ ಬಿಡಿಸಿ, ಇಲ್ಲದಿದ್ದರೆ ‘ಲಕ್ಷ್ಮೀ’ಯ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಆಫ್‌ಸೆಟ್ ಮುದ್ರಣವಾದರೆ ತೆಳು ಅಕ್ಷರಕ್ಕೆ ಬರೀ ಕಪ್ಪು. ನಾಲ್ಕು ಬಣ್ಣ ಬೆರೆಸಿದ ಕಂದು ಹಾಕಿಸಿದರೆ, ಯಾವುದೋ ಒಂದು ಬಣ್ಣ ಚೂರು ಸರಿದರೂ ಅಕ್ಷರದ ಪಕ್ಕ ನೆರಳು ಬೀಳುತ್ತದೆ. ಕಡುಗೆಂಪಿನ ಮೇಲೆ ಬಿಳಿ ಅಕ್ಷರವೂ ಬೇಡ, ಸುತ್ತಲಿನ ಶಾಯಿ ಎಳೆಯನ್ನು ನುಂಗುತ್ತದೆ. ಪ್ರೆಸ್ಸಿಗೆ ಕಳಿಸುವ ಮುಂಚೆ ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದರೆ ಫಾಂಟ್ ಇಲ್ಲದೆಯೂ ತೆರೆಯುವ ಗೆರೆಚಿತ್ರವಾಗಿ ಬದಲಿಸಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರದಿದ್ದರೆ ಏನೇನೋ ಅಚ್ಚಾಗಿ ಬರುತ್ತದೆ.

ಮುಹೂರ್ತ, ಸ್ಥಳ, ಫೋನ್ ನಂಬರಿಗೆ ಸಾದಾ ಅಕ್ಷರವೇ ಇರಲಿ.

ಇನ್ನೊಂದು. ನಿಮ್ಮಲ್ಲಿ ಅಕ್ಷರ ದುಂಡಗಿರುವ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಫಾಂಟ್ ಹುಡುಕುವುದೇ ಬೇಡ. ಬಿಳಿ ಹಾಳೆಯ ಮೇಲೆ ಕಪ್ಪು ಜೆಲ್ ಪೆನ್ನಿನಲ್ಲಿ ಎರಡೂ ಹೆಸರನ್ನು ದೊಡ್ಡದಾಗಿ ಹತ್ತು ಸಲ ಬರೆಸಿ, ಚಂದ ಬಂದದ್ದನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಕೋರಲ್‌ಡ್ರಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಟ್ರೇಸ್ ಮಾಡಿ (ಗೆರೆಚಿತ್ರವಾಗಿ ಎತ್ತಿ) ಕೂರಿಸಲು ಡಿಟಿಪಿಯವರಿಗೆ ಹತ್ತು ನಿಮಿಷ ಸಾಕು.