ಯಾರೂ ಬರೀದೇ ಇದ್ದದ್ದು ಎಲ್ಲಿಂದ ಬಂತು?

(ದಾವಣಗೆರೆಯಿಂದ ಪಾಲಿಟೆಕ್ನಿಕ್ ಉಪನ್ಯಾಸಕರೊಬ್ಬರು ಬರೆದಿದ್ದಾರೆ: "ರೋಬೋಟ್‌ಗಳ ನಡುವೆ ಒಡನಾಟ ತಾನಾಗೇ ಹುಟ್ಟುತ್ತೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಯಾರೋ ಇಂಜಿನಿಯರ್ ಕೋಡ್ ಬರೆದಿರ್ತಾನೆ, ಅದು ಹೇಳಿದ್ದನ್ನ ಮಾಡುತ್ತೆ ಅಷ್ಟೇ. ತಾನಾಗೇ ಅನ್ನೋದು ಪವಾಡದ ಮಾತು. ನಮ್ಮ ಹುಡುಗರಿಗೆ ನಾನೇನು ಹೇಳಲಿ?")

ನಮಸ್ಕಾರ ಸರ್. ನಿಮ್ಮ ಅರ್ಧ ಮಾತು ಪೂರ್ತಿ ನಿಜ. ಒಂದೊಂದು ರೋಬೋಟಿನ ಒಳಗೆ ಏನಿದೆಯೋ ಅದು ಮನುಷ್ಯರು ಶುರು ಮಾಡಿಕೊಟ್ಟಿದ್ದೇ, ಪವಾಡ ಎಲ್ಲೂ ಇಲ್ಲ. ಆದ್ರೆ ಎರಡು ಎದುರುಬದುರಾದಾಗ ಏನು ನಡಿಯುತ್ತೋ ಅದನ್ನ ಹುಡುಕಿದ್ರೆ ಈ ರೋಬೋಟಿನಲ್ಲೂ ಸಿಗಲ್ಲ, ಆ ರೋಬೋಟಿನಲ್ಲೂ ಸಿಗಲ್ಲ. ನಾವು ಹೇಳಿದ್ದು ಇದನ್ನೇ, ಮತ್ತೆ ಇದು ಇವತ್ತಿನ ಎಐ ಕಾಲದ ಸುದ್ದಿಯೂ ಅಲ್ಲ.

1948-49ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಅಂತ ಮೆದುಳಿನ ವಿಜ್ಞಾನಿ, ಇಇಜಿ (ಮೆದುಳಿನ ವಿದ್ಯುತ್ ಅಲೆ ದಾಖಲಿಸೋ ವಿಧಾನ) ಮೇಲೆ ಕೆಲಸ ಮಾಡ್ತಿದ್ದವರು, ಎಲ್ಮರ್ ಮತ್ತು ಎಲ್ಸಿ ಅಂತ ಎರಡು ಯಂತ್ರದ ಆಮೆ ಮಾಡಿದ್ರು. ಒಂದೊಂದರಲ್ಲಿ ಇದ್ದದ್ದು ಎರಡು ವಾಲ್ವ್ (ಹಳೇ ರೇಡಿಯೋಗಳಲ್ಲಿ ಇರ್ತಿದ್ದ ಗಾಜಿನ ಎಲೆಕ್ಟ್ರಾನಿಕ್ ಟ್ಯೂಬ್), ಬೆಳಕು ನೋಡೋಕೆ ಒಂದು ಫೋಟೋಸೆಲ್, ಚಿಪ್ಪು ಎಲ್ಲಾದ್ರೂ ತಾಗಿದ್ರೆ ಗೊತ್ತಾಗೋಕೆ ಒಂದು ಸ್ವಿಚ್, ಮುಂದೆ ಹೋಗೋಕೆ ಒಂದು ಮೋಟಾರ್, ತಿರುಗೋಕೆ ಇನ್ನೊಂದು. ಕೋಡ್ ಅನ್ನೋದೇ ಇರ್ಲಿಲ್ಲ. ಸ್ಟೀರಿಂಗ್ ಮೋಟಾರ್ ತಿರುಗ್ತಾ ಬೆಳಕು ಹುಡುಕುತ್ತೆ, ಬೆಳಕು ಸಿಕ್ಕಿದ್ರೆ ತಿರುಗೋದು ನಿಲ್ಸಿ ಅದರ ಕಡೆ ಹೋಗುತ್ತೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಆ ಪುಟ್ಟ ಬಲ್ಬಿಂದು. ಸ್ಟೀರಿಂಗ್ ಮೋಟಾರ್ ಓಡ್ತಿದ್ಯಾ ಇಲ್ವಾ ಅಂತ ನೋಡೋರಿಗೆ ಗೊತ್ತಾಗ್ಲಿ ಅಂತ ವಾಲ್ಟರ್ ಆಮೆ ಮೇಲೆ ಒಂದು ಇಂಡಿಕೇಟರ್ ದೀಪ ಹಾಕಿದ್ರು, ಅದು ಇದ್ದದ್ದು ಮನುಷ್ಯರಿಗೋಸ್ಕರ. ಆದ್ರೆ ಆಮೆ ಕನ್ನಡಿ ಮುಂದೆ ಬಂದಾಗ ತನ್ನದೇ ದೀಪ ಕಾಣಿಸ್ತು, ಬೆಳಕು ಸಿಕ್ತು ಅಂತ ಸ್ಟೀರಿಂಗ್ ನಿಂತು, ಜೊತೆಗೇ ದೀಪ ಆರಿತು, ದೀಪ ಆರಿದ್ಮೇಲೆ ಬೆಳಕೇ ಇಲ್ಲ, ಮತ್ತೆ ಹುಡುಕೋಕೆ ಶುರು, ಮತ್ತೆ ದೀಪ ಹೊತ್ತಿತು, ಹೀಗೇ ಮಿಣುಕ್ತಾ ಕುಣಿಯೋಕೆ ಹಿಡೀತು. ಎರಡು ಆಮೆಗಳನ್ನ ಎದುರು ಬಿಟ್ರೆ ಒಂದರ ದೀಪ ಇನ್ನೊಂದನ್ನ ಸೆಳೆಯುತ್ತೆ, ಸೆಳೆತಕ್ಕೆ ಸಿಕ್ಕಿದ್ದು ತನ್ನ ದೀಪ ಆರಿಸುತ್ತೆ, ಪೂರ್ತಿ ಹತ್ರ ಬರೋಕೂ ಆಗಲ್ಲ ಬಿಟ್ಟು ಹೋಗೋಕೂ ಆಗಲ್ಲ. ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡೋಕೆ ಹೋಗಿ ಒಂದೇ ಕಡೆ ಸರೀತಾರಲ್ಲ, ಹಾಗೆ. ಪಕ್ಕದಲ್ಲಿ ಬೇರೆ ದೊಡ್ಡ ದೀಪ ಹಚ್ಚಿದ್ರೆ ಈ ಜೋಡಿ ಮುರಿದು ಎರಡೂ ಅದರ ಕಡೆ ಓಡ್ತವೆ. ಈಗ ಹೇಳಿ ಸರ್, ಈ ಕುಣಿತ ಯಾವ ವೈರಿನಲ್ಲಿತ್ತು? ನನ್ನ ನಡೆ ನಿನಗೆ ಇನ್‌ಪುಟ್, ನಿನ್ನ ನಡೆ ನನಗೆ ಇನ್‌ಪುಟ್, ಈ ಸುತ್ತಿನಲ್ಲಿ ಮಾತ್ರ ಅದು ಇತ್ತು.

ಆಮೆಗಳು ತಮ್ಮನ್ನ ತಾವು ಬದಲಾಯಿಸಿಕೊಳ್ತಿರ್ಲಿಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ದಾರಿಯೊ ಫ್ಲೊರೆಯಾನೊ ಮತ್ತೆ ಇರುವೆಗಳನ್ನ ಅಧ್ಯಯನ ಮಾಡೋ ಲೊರಾನ್ ಕೆಲ್ಲರ್ ತಂಡ ಮಾಡಿದ್ದನ್ನ ನೋಡಿ. ಚಕ್ರದ ರೋಬೋಟ್‌ಗಳು, ಕ್ಯಾಮೆರಾ ಇದೆ, ನೀಲಿ ದೀಪ ಇದೆ. ಅಂಗಳದಲ್ಲಿ ಒಂದು ಕಡೆ "ಆಹಾರ", ಒಂದು ಕಡೆ "ವಿಷ", ದೂರದಿಂದ ಎರಡೂ ಒಂದೇ ಥರ. ದೀಪ ಯಾವಾಗ ಹಚ್ಚಬೇಕು, ಬೇರೆಯವರ ದೀಪ ನೋಡಿದ್ರೆ ಏನ್ ಮಾಡಬೇಕು, ಯಾರೂ ಹೇಳಿಲ್ಲ. ಅವುಗಳ ನ್ಯೂರಲ್ ನೆಟ್‌ವರ್ಕ್, ಅಂದ್ರೆ ಕಂಡದ್ದಕ್ಕೆ ಏನು ಮಾಡಬೇಕು ಅಂತ ಸಂಖ್ಯೆಗಳ ಲೆಕ್ಕದಲ್ಲಿ ತೀರ್ಮಾನಿಸೋ ಜಾಲ, ಶುರುವಾಗೋದೇ ಯದ್ವಾತದ್ವಾ ಸಂಖ್ಯೆಗಳಿಂದ. ಆಹಾರದ ಹತ್ರ ಇದ್ದು, ವಿಷದಿಂದ ದೂರ ಇದ್ದು ಅಂಕ ಜಾಸ್ತಿ ತಗೊಂಡೋರ ಸಂಖ್ಯೆಗಳು ಸ್ವಲ್ಪ ಬೆರೆತು ಬದಲಾಗಿ ಮುಂದಿನ ತಲೆಮಾರಿಗೆ ಹೋಗ್ತವೆ, ಈ ನೂರಾರು ತಲೆಮಾರು ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ನಡೆದದ್ದು ಅನ್ನೋದನ್ನೂ ಹುಡುಗರಿಗೆ ಹೇಳಿ.

2007ರಲ್ಲಿ ಪ್ರಕಟವಾದ ಫಲಿತಾಂಶ ಏನಂದ್ರೆ, ಗುಂಪಿನಲ್ಲಿರೋರು ಒಂದೇ ವಂಶದವರಾಗಿದ್ರೆ, ಇಲ್ಲಾ ಇಡೀ ಗುಂಪಿನ ಅಂಕ ನೋಡಿ ಆರಿಸಿದ್ರೆ, ನಂಬೋ ಥರದ ಸಿಗ್ನಲ್ ಬೆಳೀತು. ವಂಶ ಸಂಬಂಧ ಇಲ್ದೆ ಒಬ್ಬೊಬ್ಬರ ಅಂಕ ಮಾತ್ರ ನೋಡಿ ಆರಿಸಿದಾಗ ದಾರಿ ತಪ್ಪಿಸೋ ಸಿಗ್ನಲ್ ಬಂತು. ರೋಬೋಟ್ ಅದೇ, ಅಂಗಳ ಅದೇ, ಬದಲಾಗಿದ್ದು ಯಾರ ಪಕ್ಕ ಯಾರು, ಯಾವ ಲೆಕ್ಕದ ಮೇಲೆ ಆಯ್ಕೆ ಅನ್ನೋದು ಮಾತ್ರ. ಇದೇ ತಂಡದ 2009ರ ಪ್ರಯೋಗದಲ್ಲಿ ಆಹಾರದ ಹತ್ರ ಜಾಗಕ್ಕೆ ನೂಕುನುಗ್ಗಲು ಆದಾಗ ರೋಬೋಟ್‌ಗಳು ಅಲ್ಲಿ ದೀಪ ಕಮ್ಮಿ ಮಾಡ್ತಾ ಬಂದವು, ಆದ್ರೆ ಪೂರ್ತಿ ಆರಿಸಿಬಿಡ್ಲಿಲ್ಲ, ಯಾಕಂದ್ರೆ ದೀಪ ನಂಬಿ ಬರೋರು ಕಮ್ಮಿಯಾದಷ್ಟೂ ಮುಚ್ಚಿಡೋದ್ರಿಂದ ಸಿಗೋ ಲಾಭವೂ ಕಮ್ಮಿಯಾಯ್ತು.

ಅವಕ್ಕೆ ಮೋಸ ಮಾಡೋ ಮನಸ್ಸಿತ್ತಾ? ಇಲ್ಲ, ಅದನ್ನ ಹುಡುಗರಿಗೆ ಖಡಾಖಂಡಿತವಾಗಿ ಹೇಳಿ. ಆದ್ರೆ ಆಯ್ಕೆಯ ನಿಯಮ ಬರೆಯೋರ ಜವಾಬ್ದಾರಿ ಎಷ್ಟು ದೊಡ್ಡದು ಅಂತಲೂ ಹೇಳಿ. ನಾಳೆ ಗೋಡೌನಿನಲ್ಲೋ ರಸ್ತೆಯಲ್ಲೋ ಕಲಿಯೋ ಯಂತ್ರಗಳನ್ನ ಗುಂಪಾಗಿ ಬಿಡೋರು ಇದೇ ಹುಡುಗರು, ಒಂದೊಂದನ್ನ ಬೇರೆ ಬೇರೆಯಾಗಿ ಟೆಸ್ಟ್ ಮಾಡಿ ಪಾಸ್ ಅಂದುಬಿಟ್ರೆ ಸಾಲಲ್ಲ.

ನಿಮ್ಮ ಲ್ಯಾಬಿನಲ್ಲೇ ತೋರಿಸಬಹುದು. ಎಲ್‌ಡಿಆರ್ (ಬೆಳಕು ಗುರುತಿಸೋ ಪುಟ್ಟ ಬಿಡಿಭಾಗ) ಹಾಕಿದ ಎರಡು ಪುಟ್ಟ ಗಾಡಿ ಮಾಡಿಸಿ, ಬೆಳಕು ಹುಡುಕುವಾಗ ಮಾತ್ರ ಎಲ್‌ಇಡಿ ಹೊತ್ತೋ ಹಾಗೆ ಕನೆಕ್ಷನ್ ಕೊಡಿಸಿ, ಕತ್ತಲೆ ರೂಮಿನಲ್ಲಿ ಎದುರುಬದುರು ಬಿಡಿ. ಆಮೇಲೆ ಒಂದರ ಎಲ್‌ಇಡಿಗೆ ಕಪ್ಪು ಟೇಪ್ ಅಂಟಿಸಿ ಮತ್ತೆ ಬಿಡಿ, ಏನು ವ್ಯತ್ಯಾಸ ಆಯ್ತು ಅಂತ ಹುಡುಗರ ಕೈಲೇ ಬರೆಸಿ ಕಳಿಸಿ ಸರ್, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.

- ಸಂಪಾದಕ