ಸಹಿ ಹಾಕೋಕ್ ಮುಂಚೆ ಒಂದ್ಸಲ ಕೇಳಿ

ಈ ಸಲ ಬಂದಿರೋ ಪತ್ರಗಳಲ್ಲಿ ಡಿವೋರ್ಸ್ ಬಗ್ಗೆ ಇರೋವೇ ಜಾಸ್ತಿ. ಮೂರನ್ನ ಆರಿಸಿದೀನಿ, ಬರೆದವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದೀನಿ. ಮೂವರೂ ಕೇಳಿರೋದು ಕಾನೂನಿನ ಪ್ರಶ್ನೆ, ಆದ್ರೆ ಪತ್ರದ ಕೊನೇ ಸಾಲಿಗೆ ಬರೋ ಹೊತ್ತಿಗೆ ಮೂವರ ಧೈರ್ಯನೂ ಕುಸಿದಿದೆ, ಹಾಗಾಗಿ ಎರಡಕ್ಕೂ ಉತ್ತರ ಬರೀತೀನಿ.

*ಪ್ರಶ್ನೆ: ಮೇಡಂ ನಮಸ್ಕಾರ. ನಂಗೆ 29 ವರ್ಷ, ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಗಂಡ ಕುಡಿದು ಹೊಡೀತಿದ್ರು. ಒಂದೂವರೆ ವರ್ಷದಿಂದ ತವರಲ್ಲಿದೀನಿ, ಪ್ರೈವೇಟ್ ಸ್ಕೂಲಲ್ಲಿ ಟೀಚರ್. ಹೋದ ತಿಂಗಳು ಎರಡೂ ಕಡೆ ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಬಿಡುಗಡೆ ಪತ್ರ ಬರೆಸಿದಾರೆ. ಎರಡು ಲಕ್ಷ ಕೊಡ್ತಾರಂತೆ, ಆಮೇಲೆ ಒಡವೆ ಕೇಳಬಾರ್ದು, ಜೀವನಾಂಶ ಕೇಳಬಾರ್ದು ಅಂತ ಇದೆ. ನೋಟರಿ ಸೀಲ್ ಬಿದ್ರೆ ಎಲ್ಲಾ ಮುಗೀತು ಅಂತಾರೆ. ಸಹಿ ಹಾಕು, ಮರ್ಯಾದೆ ಉಳಿಯುತ್ತೆ ಅಂತ ಅಣ್ಣನ ಒತ್ತಾಯ. ನಾನೇ ಇನ್ನೂ ಸ್ವಲ್ಪ ಸಹಿಸ್ಕೊಂಡು ಇರಬೇಕಿತ್ತೇನೋ ಅನ್ಸುತ್ತೆ. ಮದುವೆ ಮುಂಜಿ ಎಲ್ಲೂ ಹೋಗಲ್ಲ ಈಗ. — ಸೋದರಿ, ದಾವಣಗೆರೆ ಜಿಲ್ಲೆ*

ಉತ್ತರ: ತಂಗಿ, ಕೊನೇ ಮಾತಿಂದಲೇ ಶುರು ಮಾಡ್ತೀನಿ. ಹೊಡೆತ ತಿಂದು ಇನ್ನೂ ಸ್ವಲ್ಪ ದಿನ ಇರಬೇಕಿತ್ತು ಅನ್ನೋದು ನಿಮ್ಮ ಮಾತಲ್ಲ, ಸುತ್ತ ಇರೋರು ಅಂದಂದು ಅಂದಂದು ಅದು ನಿಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹೊಡೆದವರು ಅವರು, ಆದ್ರೆ ಮದುವೆ ಮುಂಜಿಗೆ ಹೋಗದೆ ಮನೇಲಿ ಕೂತಿರೋರು ನೀವು! ನೀವು ಮನೆ ಬಿಟ್ಟು ಬಂದಿದ್ದು ಸರಿ.

ಈಗ ಆ ಪತ್ರದ ವಿಷ್ಯ. ದಯವಿಟ್ಟು ಸಹಿ ಹಾಕ್ಬೇಡಿ. ನೋಟರಿ ಸೀಲಿಗೆ ಮದುವೆ ಮುರಿಯೋ ಅಧಿಕಾರ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಡಿವೋರ್ಸ್ ಕೊಡೋದು ಕೋರ್ಟು. ಕೆಲವು ಸಮುದಾಯಗಳಲ್ಲಿ ಹಿಂದಿಂದ ಬಂದಿರೋ ಬಿಡುಗಡೆ ಪದ್ಧತಿಯನ್ನ ಅದೇ ಕಾಯ್ದೆಯ 29ನೇ ಸೆಕ್ಷನ್ ಒಪ್ಪುತ್ತೆ, ಅದು ನಿಜ, ಆದ್ರೆ ನಮ್ಮಲ್ಲಿ ಇಂಥ ಪದ್ಧತಿ ತಲೆತಲಾಂತರದಿಂದ ಇದೆ ಅಂತ ಹೇಳೋರೇ ಅದನ್ನ ಸಾಕ್ಷಿ ಸಮೇತ ಸಾಬೀತು ಮಾಡ್ಬೇಕು, ಸುಪ್ರೀಂ ಕೋರ್ಟು 2002ರಲ್ಲೇ ಇದನ್ನ ಸ್ಪಷ್ಟವಾಗಿ ಹೇಳಿದೆ. ಅದಾಗದಿದ್ರೆ ಆ ಪೇಪರ್ ಇದ್ರೂ ನೀವು ಕಾನೂನಿನ ಲೆಕ್ಕದಲ್ಲಿ ಅವರ ಹೆಂಡತಿನೇ. ನಾಳೆ ನೀವು ಇನ್ನೊಂದು ಮದುವೆ ಆದ್ರೆ ಅದು ಊರ್ಜಿತ ಆಗಲ್ಲ, ಅವರು ಆದ್ರೂ ಅಷ್ಟೇ. ಎರಡು ಲಕ್ಷ ಕೈಗೆ ಬರುತ್ತೆ, ಬಿಡುಗಡೆ ಬರಲ್ಲ, ಒಡವೆ ಮಾತ್ರ ಅಲ್ಲೇ ಉಳಿಯುತ್ತೆ.

ಒಡವೆ ಬಗ್ಗೆ ಒಂದು ಮಾತು ಒತ್ತಿ ಹೇಳ್ತೀನಿ. ಮದುವೆಯಲ್ಲಿ ನಿಮ್ಮ ತವರಿನೋರು ನಿಮಗೆ ಹಾಕಿದ್ದು, ಗಂಡನ ಕಡೆಯೋರು ನಿಮಗೇ ಅಂತ ಕೊಟ್ಟಿದ್ದು, ಎಲ್ಲಾ ಸ್ತ್ರೀಧನ, ಪೂರ್ತಿ ನಿಮ್ಮದು. ಗಂಡನ ಮನೆ ಬೀರುವಿನಲ್ಲಿ ಇಟ್ಟಿದ್ದೀರಿ ಅಂದ್ರೆ ಅವರು ಅದನ್ನ ಕಾಪಾಡೋರು ಅಷ್ಟೇ, ಮಾಲೀಕರಾಗಲ್ಲ, ಇದು 1985ರಿಂದ ಸುಪ್ರೀಂ ಕೋರ್ಟ್ ಹೇಳಿಕೊಂಡು ಬಂದಿರೋದು. ಇವತ್ತು ರಾತ್ರಿ ಮದುವೆ ಆಲ್ಬಮ್ ತೆಗೀರಿ. ಧಾರೆ ಹೊತ್ತಿನ ಫೋಟೋದಲ್ಲಿ ಕತ್ತಿನ ಸರ, ಬಳೆ, ಜುಮಕಿ, ಸೊಂಟದ ಡಾಬು ಏನೇನ್ ಕಾಣುತ್ತೋ ಒಂದೊಂದಾಗಿ ಪಟ್ಟಿ ಮಾಡಿ, ಯಾರು ಮಾಡಿಸಿದ್ದು, ಅಂದಾಜು ಎಷ್ಟು ಗ್ರಾಂ ಅಂತ ಪಕ್ಕದಲ್ಲೇ ಬರೀರಿ, ಒಡವೆ ಅಂಗಡಿ ಬಿಲ್ ಇದ್ರೆ ಅಪ್ಪನ ಟ್ರಂಕಲ್ಲಿ ಹುಡುಕಿ. ಹೊಡೆದಾಗ ಆಸ್ಪತ್ರೆಗೆ ಹೋಗಿದ್ರೆ ಆ ಚೀಟಿ, ಅಕ್ಕತಂಗಿಯರಿಗೆ ಕಳಿಸಿದ ವಾಟ್ಸಾಪ್ ಮೆಸೇಜು, ಯಾವ್ದನ್ನೂ ಡಿಲೀಟ್ ಮಾಡ್ಬೇಡಿ.

ದುಡ್ಡಿಲ್ಲ ಅಂತ ಹಿಂಜರೀಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಲಾಯರ್ ಉಚಿತ. ನಿಮ್ಮ ತಾಲ್ಲೂಕಿನ ಕೋರ್ಟಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ, ಹೋಗಿ ಒಂದು ಅರ್ಜಿ ಕೊಟ್ರೆ ಸಾಕು, ಫೋನಲ್ಲಿ ಕೇಳೋದಾದ್ರೆ 15100. ಹೊಡೆತದ ವಿಷ್ಯಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ನಿಮ್ಮ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ ಹೇಳಿದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿಸ್ತಾರೆ, ಒಡವೆ ವಾಪಸ್ ಕೊಡಿ ಅನ್ನೋ ಆದೇಶನೂ ಅಲ್ಲೇ ಕೇಳಬಹುದು. ಮನೆ ಬಿಟ್ಟು ಒಂದೂವರೆ ವರ್ಷ ಆಯ್ತು ಅಂತ ಈ ಹಕ್ಕು ಹೋಗಲ್ಲ. ಟೀಚರ್ ಸಂಬಳ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ಜೀವನಾಂಶ ಇಲ್ಲ ಅನ್ನೋದಕ್ಕೂ ಆಗಲ್ಲ. ಡಿವೋರ್ಸ್ ಕೇಸು ನಿಮ್ಮೂರಿನ ವ್ಯಾಪ್ತಿಯ ಕೋರ್ಟಲ್ಲೇ ಹಾಕಬಹುದು, ಗಂಡನ ಊರಿಗೆ ಅಲೀಬೇಕಾಗಿಲ್ಲ, ಹಿಂದೂ ವಿವಾಹ ಕಾಯ್ದೆಗೆ ಆದ 2003ರ ತಿದ್ದುಪಡಿಯಿಂದ ಹೆಂಡತಿಗೆ ಆ ಅನುಕೂಲ ಇದೆ.

ಅಣ್ಣನ ಜೊತೆ ಜಗಳ ಬೇಡ. ಅವರಿಗೂ ಭಯ, ಬೇಗ ಮುಗಿದ್ರೆ ಸಾಕು ಅನ್ನೋ ಸಂಕಟ. "ಅಣ್ಣಾ, ಮಾತುಕತೆ ಆಗ್ಲಿ, ಹಿರಿಯರ ಮಾತು ನಾನು ತೆಗೆದು ಹಾಕ್ತಿಲ್ಲ, ಆದ್ರೆ ಏನೇ ಒಪ್ಪಿದ್ರೂ ಕೋರ್ಟಲ್ಲಿ ಜಡ್ಜ್ ಮುಂದೆ ಬರೆಸೋಣ, ಒಡವೆನೂ ಅದರಲ್ಲಿ ಸೇರ್ಲಿ" ಅಂತ ಹೇಳಿ. ಬೇಕಾದ್ರೆ ಈ ಪುಟನೇ ಓದೋಕೆ ಕೊಡಿ. ಮತ್ತೆ, ಸ್ಕೂಲಲ್ಲಿ ನಿಮಗೆ ಹತ್ತಿರದವರು ಒಬ್ಬರಾದ್ರೂ ಇರ್ತಾರಲ್ಲ, ಅವರಿಗೆ ಎಲ್ಲಾ ಹೇಳಿಬಿಡಿ. ಕಷ್ಟದಲ್ಲಿರೋ ಹೆಣ್ಣುಮಕ್ಕಳಿಗಾಗಿ ಇರೋ ಸಾಂತ್ವನ ಕೇಂದ್ರದಲ್ಲಿ ಆಪ್ತಸಮಾಲೋಚಕರು ಇರ್ತಾರೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದ್ರೆ ಹತ್ತಿರದ್ದು ಯಾವ್ದು ಅಂತ ಹೇಳ್ತಾರೆ.

*ಪ್ರಶ್ನೆ: ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, 36 ವರ್ಷ. ನಾನು ನನ್ನ ಹೆಂಡತಿ ಒಪ್ಪಿಕೊಂಡೇ ಬೇರೆ ಆಗ್ತಿದೀವಿ. ಇಎಂಐ ಇರೋದ್ರಿಂದ ಒಂದೇ ಫ್ಲಾಟಲ್ಲಿ ಬೇರೆ ಬೇರೆ ರೂಮಲ್ಲಿ ಎರಡು ವರ್ಷದಿಂದ ಇದೀವಿ. ಇದು ಬೇರೆ ಇದ್ದಂಗೆ ಲೆಕ್ಕ ಆಗುತ್ತಾ? ಮಗಳಿಗೆ ನಾಲ್ಕು ವರ್ಷ. ಅವಳು ಅಮ್ಮನ ಹತ್ರನೇ ಅಂತಾರೆ ಎಲ್ರೂ. ರಾತ್ರಿ ನಿದ್ದೆ ಇಲ್ಲ, ಕೆಲವು ಸಲ ಯಾಕ್ ಬದುಕಿರಬೇಕು ಅನ್ಸುತ್ತೆ. ಯಾರ ಹತ್ರನೂ ಹೇಳಿಲ್ಲ. — ಹೆಸರು ಬೇಡ*

ಉತ್ತರ: ಕಾನೂನು ಆಮೇಲೆ ನೋಡೋಣ. ಯಾಕ್ ಬದುಕಿರಬೇಕು ಅನ್ಸುತ್ತೆ ಅಂತ ಬರೆದಿದೀರಲ್ಲ, ಇದನ್ನ ಓದಿದ ತಕ್ಷಣ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಆಮೇಲೆ ಒಬ್ಬ ಸ್ನೇಹಿತನಿಗೋ ಅಕ್ಕನಿಗೋ ಇವತ್ತೇ ಹೇಳಿ, ರಾತ್ರಿ ಒಬ್ಬರೇ ಇರಬೇಡಿ. ಗಂಡಸರು ಇದನ್ನ ನುಂಗ್ಕೊಂಡು ಆಫೀಸಿಗೆ ಹೋಗಿ ಮೀಟಿಂಗಲ್ಲಿ ಕೂತಿರ್ತಾರೆ, ಪಕ್ಕದಲ್ಲಿರೋರಿಗೂ ಗೊತ್ತಾಗಲ್ಲ. ನಿದ್ದೆ ಇಲ್ಲದಿರೋದಕ್ಕೆ ಡಾಕ್ಟರನ್ನೂ ನೋಡಿ. ನಿಮ್ಮ ಮಗಳಿಗೆ ಅಪ್ಪ ಬೇಕು.

ಒಂದೇ ಸೂರಿನಡಿ ಇದ್ರೂ ಗಂಡ ಹೆಂಡತಿಯಾಗಿ ಬಾಳ್ತಿಲ್ಲ ಅಂದ್ರೆ ಅದು ಬೇರೆ ಇದ್ದ ಹಾಗೇನೇ, 1991ರಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿ ಇಬ್ಬರೂ ಸೇರಿ ಅರ್ಜಿ ಹಾಕೋಕೆ ಒಂದು ವರ್ಷ ಸಾಕು, ನಿಮ್ಮದು ಎರಡಾಗಿದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯೋದು ನಿಯಮ, ಆದ್ರೆ ಅಮರ್‌ದೀಪ್ ಸಿಂಗ್ ಅನ್ನೋರ ಕೇಸಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಕೊಟ್ಟ ತೀರ್ಪಿನ ನಂತರ ಕೋರ್ಟು ಆ ಆರು ತಿಂಗಳನ್ನ ಬಿಟ್ಟುಕೊಡಬಹುದು: ಅರ್ಜಿ ಹಾಕೋ ಮುಂಚೆನೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿ ಪ್ರಯತ್ನ ಆಗಿ ಫಲ ಕೊಡದೆ, ದುಡ್ಡು-ಮಗು ಎಲ್ಲದರ ಬಗ್ಗೆ ನಿಜವಾಗಿ ಒಪ್ಪಂದ ಆಗಿದ್ರೆ. ಬೆಂಗಳೂರಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಫ್ಯಾಮಿಲಿ ಕೋರ್ಟು, ಮೀಡಿಯೇಷನ್ ಸೆಂಟರ್ ಎರಡೂ ಇವೆ. ಮೀಡಿಯೇಷನ್ ಅಂದ್ರೆ ಮತ್ತೆ ಒಟ್ಟಿಗೆ ಇರಿ ಅಂತ ಬಲವಂತ ಅಲ್ಲ, ಮೇಜಿನ ಸುತ್ತ ಕೂತು ಮಾತಾಡೋದು, ಅಲ್ಲಿ ಆಡಿದ್ದು ಹೊರಗೆ ಹೋಗಲ್ಲ.

ಮಗಳ ವಿಷ್ಯ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯಲ್ಲಿದೆ, ಅದರಿಂದ ನೀವು ಅಪ್ಪ ಅಲ್ಲ ಅಂತ ಆಗಲ್ಲ. ಅರ್ಜಿಯಲ್ಲಿ "ತಂದೆ ಆಗಾಗ ಭೇಟಿ ಮಾಡಬಹುದು" ಅಂತ ಒಂದು ಸಾಲು ಬರೆದು ಬಿಟ್ಟುಬಿಟ್ರೆ ಮುಂದೆ ಜಗಳ ಗ್ಯಾರಂಟಿ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ದಸರಾ ರಜೆಯಲ್ಲಿ ಅರ್ಧ ಯಾರ ಹತ್ರ, ಹುಟ್ಟುಹಬ್ಬ, ದೀಪಾವಳಿ, ವಿಡಿಯೋ ಕಾಲ್ ಯಾವಾಗ, ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಹೋಗೋದು, ಫೀಸು ಯಾರು ಎಷ್ಟು, ಪಾಸ್‌ಪೋರ್ಟ್ ಅರ್ಜಿಗೆ ಯಾರ ಸಹಿ, ಎಲ್ಲಾ ಬಿಡಿಸಿ ಬರೆಸಿ. ಮಗು ದೊಡ್ಡದಾದಂಗೆ ಇದನ್ನ ಬದಲಾಯಿಸಿ ಅಂತ ಕೋರ್ಟಿಗೆ ಮತ್ತೆ ಹೋಗಬಹುದು, ದಾರಿ ಮುಚ್ಚಲ್ಲ.

*ಪ್ರಶ್ನೆ: ಮಗಳು ಎಂಟು ತಿಂಗಳಿಂದ ನಮ್ಮನೇಲಿದಾಳೆ, ಡಿವೋರ್ಸ್ ಕೇಸ್ ನಡೀತಿದೆ. ರೂಮಿಂದ ಹೊರಗೇ ಬರಲ್ಲ. ನೆಂಟರು ಕೇಳಿದ್ರೆ ಏನ್ ಹೇಳ್ಬೇಕೋ ಗೊತ್ತಾಗಲ್ಲ. ಮದುವೆ ಮಾಡಿ ಕಳ್ಸಿದ ಮೇಲೆ ಈ ಮನೇಲಿ ಅವಳಿಗೇನಿದೆ ಅಂತಾನೆ ಮಗ. ಇವರು ಸುಮ್ನಿರ್ತಾರೆ. — ಒಬ್ಬ ತಾಯಿ, ತುಮಕೂರು*

ಉತ್ತರ: ಅಮ್ಮ, ನೆಂಟರಿಗೆ "ಮಗಳು ನಮ್ಮ ಜೊತೆ ಇದಾಳೆ" ಅಂತ ಹೇಳಿ ಕಾಫಿ ಕೊಡಿ, ಅದಕ್ಕಿಂತ ಜಾಸ್ತಿ ಹೇಳೋ ಸಾಲ ನಿಮಗಿಲ್ಲ. ಊಟಕ್ಕೆ ಕೂತಾಗ ಮುಂದಿನ ಡೇಟ್ ಯಾವಾಗ, ಲಾಯರ್ ಏನಂದ್ರು ಅಂತ ಕೇಳ್ಬೇಡಿ. ಕೇಸಿನ ಮಾತಿಗೆ ವಾರದಲ್ಲಿ ಒಂದು ಹೊತ್ತು ಇಟ್ಕೊಳ್ಳಿ, ಉಳಿದ ಹೊತ್ತು ಅವಳು ಬರೀ ಮಗಳಾಗಿರ್ಲಿ. ಸಂಜೆ ತರಕಾರಿ ತರೋಕೆ ಜೊತೆಗೆ ಕರೀರಿ, ಬರಲ್ಲ ಅಂದ್ರೆ ನಾಳೆ ಮತ್ತೆ ಕರೀರಿ. ಊಟ ನಿದ್ದೆ ಪೂರ್ತಿ ಕೆಟ್ಟಿದ್ರೆ ತಡ ಮಾಡದೆ ಮಾನಸಿಕ ತಜ್ಞರ ಹತ್ರ ಕರ್ಕೊಂಡು ಹೋಗಿ. ಕೋರ್ಟಿಗೆ ಜೊತೆಗೆ ಹೋಗಿ, ಒಳಗೆ ಬಿಡದೇ ಇರಬಹುದು, ಹೊರಗೆ ಬೆಂಚಲ್ಲಿ ಅಮ್ಮ ಕೂತಿದಾಳೆ ಅನ್ನೋದು ಅವಳಿಗೆ ಗೊತ್ತಿದ್ರೆ ಸಾಕು.

ನಿಮ್ಮ ಮಗನಿಗೆ ಹೇಳಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಮದುವೆ ಆಗಿದ್ರೂ ಅಷ್ಟೇ, ಡಿವೋರ್ಸ್ ಆದ್ರೂ ಅಷ್ಟೇ. ಮನೆ ನಿಮ್ಮ ಯಜಮಾನರ ಸ್ವಂತ ಸಂಪಾದನೆ ಆಗಿದ್ರೆ ಯಾರಿಗೆ ಕೊಡ್ಬೇಕು ಅನ್ನೋದು ಅವರಿಷ್ಟ, ಆದ್ರೆ ಅವರು ವಿಲ್ ಬರೀದೇ ಹೋದ್ರೆ ಮಗಳಿಗೂ ಸಮಪಾಲು ಬರುತ್ತೆ. ಇದನ್ನ ನಿಮ್ಮ ಯಜಮಾನರು ಮಗನ ಮುಂದೆ ತಮ್ಮ ಬಾಯಿಂದಲೇ ಹೇಳ್ಬೇಕು, ಮಗಳಿಗೂ ಕೇಳೋ ಹಾಗೆ.